ಬಿಸಿನೀರಿನ ಸ್ನಾನ, ತಣ್ಣನೆಯ ಕಾಫಿ ಹಾಲು

ಕೇಳುಗರೆಲ್ಲರಿಗೂ ನಮಸ್ಕಾರ.

ಜಪಾನಿಗೆ ಹೋಗಿಬಂದವರು ಅಲ್ಲಿಯ ಹಸಿರು ಚಹಾದ ಬಗ್ಗೆ ಬೇಕಾದಷ್ಟು ಹೇಳಿದ್ದಾರೆ. ಇವತ್ತು ನಾನು ಹೇಳಹೊರಟಿರುವುದು ಅಲ್ಲಿಯ ಕಾಫಿ ಹಾಲಿನ ವಿಷಯ. ಕೊಹಿ ಗ್ಯೂನ್ಯೂ ಅಂತ ಅದನ್ನು ಕರೆಯುತ್ತಾರೆ. ತಣ್ಣನೆಯ ಹಾಲು, ಸಕ್ಕರೆ, ಬಣ್ಣ ಬರುವಷ್ಟು ಕಾಫಿ. ಫಿಲ್ಟರ್ ಕಾಫಿ ಕುಡಿದು ಬೆಳೆದ ನಮಗೆ ಮೊದಲ ಗುಟುಕಿಗೆ ‘ಇದರಲ್ಲಿ ಕಾಫಿ ಎಲ್ಲಿ?’ ಅನ್ನಿಸುತ್ತದೆ. ಕಹಿ ಇಲ್ಲವೇ ಇಲ್ಲ ಅನ್ನಬೇಕು. ಆದರೆ ಗುಟುಕು ಗಂಟಲಿಳಿದ ಮೇಲೆ ಹುರಿದ ಬೀಜದ ಪರಿಮಳ ನಿಧಾನವಾಗಿ ಮೇಲೇಳುತ್ತದೆ. ನನಗೆ ಅದು ತುಂಬ ಇಷ್ಟ.

ಇದನ್ನು ಎಲ್ಲಿ ಬೇಕಾದರೂ ಕುಡಿಯಬಹುದು. ಆದರೂ ಇದರ ನಿಜವಾದ ಜಾಗ ಅಂದರೆ ಸೆಂತೊ, ಊರವರೆಲ್ಲ ಬಂದು ಮೀಯುವ ಸಾರ್ವಜನಿಕ ಸ್ನಾನದ ಮನೆ. ಮೊದಲು ಸೋಪು ಹಚ್ಚಿ ಮೈ ಚೆನ್ನಾಗಿ ತೊಳೆದುಕೊಳ್ಳಬೇಕು. ಆಮೇಲೆ 40 ಡಿಗ್ರಿ ದಾಟಿದ ನೀರಿನ ತೊಟ್ಟಿಗೆ ಇಳಿದು ಕುತ್ತಿಗೆಯವರೆಗೆ ಮುಳುಗಿ ಕೂರಬೇಕು. ಮೈಯೆಲ್ಲ ಕೆಂಪಾಗಿ, ಬಾಯಿ ಒಣಗಿ ಹೊರಗೆ ಬಂದರೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಗಾಜಿನ ಬಾಗಿಲಿನ ಫ್ರಿಜ್ಜು. ಅದರಲ್ಲಿ ಸಾದಾ ಹಾಲು, ಹಣ್ಣಿನ ಹಾಲು, ಕಾಫಿ ಹಾಲು, ಎಲ್ಲ ಗಾಜಿನ ಪುಟ್ಟ ಬಾಟಲಿಗಳಲ್ಲಿ. ಹಳೆಯ ಬಾಟಲಿಗಳಿಗೆ ಕಾಗದದ ಮುಚ್ಚಳ ಇರುತ್ತಿತ್ತು. ಅದನ್ನು ಚುಚ್ಚಿ ತೆಗೆಯಲು ಸಣ್ಣ ಮೊಳೆಯಂಥ ಸಾಧನ. ಒಂದು ಕೈ ಸೊಂಟದ ಮೇಲಿಟ್ಟು ತಲೆ ಹಿಂದಕ್ಕೆ ಒಲೆದು ಒಂದೇ ಉಸಿರಿಗೆ ಕುಡಿಯುವುದು ಅಲ್ಲಿಯ ಪದ್ಧತಿ. ಅಜ್ಜಂದಿರೂ ಹಾಗೇ ಕುಡಿಯುತ್ತಾರೆ, ಮೊಮ್ಮಕ್ಕಳೂ ಹಾಗೇ.

ಸ್ನಾನದ ಮನೆಗೂ ಹಾಲಿಗೂ ನಂಟು ಬೆಳೆದದ್ದಕ್ಕೆ ಕಾರಣ ಇದೆ. ಯುದ್ಧ ಮುಗಿದ ನಂತರದ ವರ್ಷಗಳಲ್ಲಿ ನಗರದ ಎಷ್ಟೋ ಮನೆಗಳಲ್ಲಿ ಬಚ್ಚಲೂ ಇರಲಿಲ್ಲ, ಫ್ರಿಜ್ಜೂ ಇರಲಿಲ್ಲ. ಸೆಂತೊದಲ್ಲಿ ಎರಡೂ ಇದ್ದವು. ಬಾಯಾರಿದ ಗಿರಾಕಿ ದಿನಾ ಸಂಜೆ ತಾನಾಗಿಯೇ ಬರುವ ಜಾಗ ಹಾಲು ಮಾರುವವರಿಗೆ ಇನ್ನೆಲ್ಲಿ ಸಿಕ್ಕೀತು? 1968ರ ಹೊತ್ತಿಗೆ ಜಪಾನಿನಲ್ಲಿ ಸುಮಾರು 18,000 ಸೆಂತೊಗಳಿದ್ದವು. ಇವತ್ತು 2,000ಕ್ಕೂ ಕಡಿಮೆ.

ಕಾಫಿ ಹಾಲಿನ ಕಥೆಯಲ್ಲಿ ರೈಲೂ ಬರುತ್ತದೆ. 1923ರಲ್ಲಿ ಕನಗಾವಾ ಪ್ರಾಂತದ ಕೊಜು ರೈಲು ನಿಲ್ದಾಣದಲ್ಲಿ ಮೊರಿಯಾಮಾ ಎಂಬ ಹಾಲಿನ ಕಂಪನಿ ಬಾಟಲಿಯಲ್ಲಿ ಕಾಫಿ ಹಾಲು ಮಾರಲು ಶುರುಮಾಡಿತು. ಎಷ್ಟೋ ವರ್ಷಗಳ ನಂತರ ಇನ್ನೊಂದು ನಿಲ್ದಾಣ. ಯುಸಿಸಿ ಕಾಫಿ ಕಂಪನಿಯ ಸ್ಥಾಪಕ ಉಯೆಶಿಮಾ ತದಾವೊ ಪ್ಲಾಟ್‌ಫಾರಮ್ಮಿನ ಅಂಗಡಿಯಲ್ಲಿ ಕಾಫಿ ಹಾಲು ಕುಡಿಯುತ್ತಿದ್ದಾಗ ರೈಲು ಹೊರಡುವ ಗಂಟೆ ಆಯಿತಂತೆ. ಬಾಟಲಿಯನ್ನು ಅಂಗಡಿಗೇ ವಾಪಸು ಕೊಡಬೇಕು. ಅರ್ಧ ಬಿಟ್ಟು ರೈಲು ಹತ್ತಿದ ಅವರಿಗೆ, ಜೊತೆಗೆ ಒಯ್ಯುವ ಡಬ್ಬಿಯಲ್ಲಿ ಇದನ್ನು ಯಾಕೆ ತುಂಬಬಾರದು ಅಂತ ಹೊಳೆಯಿತು. 1969ರಲ್ಲಿ ಹಾಲು ಬೆರೆಸಿದ ಕಾಫಿಯ ಡಬ್ಬಿ ಮಾರುಕಟ್ಟೆಗೆ ಬಂತು. ಮರುವರ್ಷ ಒಸಾಕಾದ ವಿಶ್ವ ಪ್ರದರ್ಶನದಲ್ಲಿ ಮನೆಮಾತಾಯಿತು. ಆ ಡಬ್ಬಿಗೆ ಮೂರು ಬಣ್ಣ: ಹುರಿದ ಬೀಜದ ಕಂದು, ಹೂವಿನ ಬಿಳಿ, ಹಣ್ಣಿನ ಕೆಂಪು. ಹೂಮಳೆ ಬಿದ್ದ ಮೇಲೆ ತೋಟವೆಲ್ಲ ಬೆಳ್ಳಗಾಗುವುದನ್ನು ಕಂಡ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕೇಳುಗರಿಗೆ ಆ ಬಿಳಿ ಯಾವುದೆಂದು ನಾನು ಹೇಳಬೇಕಾಗಿಲ್ಲ.

ನನ್ನ ಮಟ್ಟಿಗೆ ಇಲ್ಲಿ ಮುಖ್ಯವಾದ ಮಾತೊಂದಿದೆ. ನಮ್ಮ ಮನೆಗಳಲ್ಲಿ ಹಾಲು ಮೊದಲಿನಿಂದ ಇತ್ತು, ಕಾಫಿ ಆಮೇಲೆ ಬಂತು. ಹೊಸ ಕಹಿಯನ್ನು ಒಗ್ಗಿಸಿಕೊಳ್ಳಲು ನಾವು ಹಾಲು ಬೆರೆಸಿದೆವು. ಜಪಾನಿನಲ್ಲಿ ಜನಸಾಮಾನ್ಯರಿಗೆ ಹಾಲೇ ಹೊಸದು. 19ನೇ ಶತಮಾನದ ಕೊನೆಯ ಭಾಗದವರೆಗೆ ಅದನ್ನು ಕುಡಿಯುವ ರೂಢಿ ಇರಲಿಲ್ಲ, ದೊಡ್ಡವರಲ್ಲಿ ಅನೇಕರಿಗೆ ಅದು ಸರಿಯಾಗಿ ಜೀರ್ಣವೂ ಆಗುವುದಿಲ್ಲ. ಹಾಗಾಗಿ ಅಲ್ಲಿ ಹಾಲನ್ನು ಒಗ್ಗಿಸಲು ಕಾಫಿ ಬಂತು. ಯುದ್ಧಾನಂತರ ಶಾಲೆಯ ಊಟದ ಜೊತೆ ಕೊಡುತ್ತಿದ್ದ ಹಾಲಿನ ಪುಡಿಯ ನೀರನ್ನು ಮೂಗು ಮುಚ್ಚಿಕೊಂಡು ಕುಡಿದೆವು ಅಂತ ಹಿರಿಯರು ಇವತ್ತಿಗೂ ಹೇಳುತ್ತಾರೆ. 1967ರಲ್ಲಿ ನಗೋಯಾದ ಕಂಪನಿಯೊಂದು ಶಾಲೆಯ ಹಾಲಿಗೆ ಕಲಸಿಕೊಳ್ಳಲೆಂದೇ ಮಿಲ್‌ಮೇಕ್ ಎಂಬ ಕಾಫಿ ರುಚಿಯ ಪುಡಿ ತಯಾರಿಸಿತು. ಆ ಪೊಟ್ಟಣ ಸಿಗುವ ದಿನ ಮಕ್ಕಳಿಗೆ ಹಬ್ಬ.

ಬೇರೆ ದೇಶಗಳಲ್ಲೂ ಇದರ ನೆಂಟರಿದ್ದಾರೆ. ಅಮೆರಿಕದ ಅತಿ ಚಿಕ್ಕ ರಾಜ್ಯ ರೋಡ್ ಐಲೆಂಡ್, 1993ರಲ್ಲಿ ಕಾಫಿ ಹಾಲನ್ನೇ ತನ್ನ ಅಧಿಕೃತ ಪಾನೀಯವೆಂದು ಘೋಷಿಸಿತು. ಅಲ್ಲಿ ಕಾಫಿಯನ್ನು ಸಕ್ಕರೆ ಪಾಕ ಮಾಡಿ ಬಾಟಲಿಯಲ್ಲಿಟ್ಟು, ಬೇಕಾದಾಗ ತಣ್ಣನೆಯ ಹಾಲಿಗೆ ಎರಡು ಚಮಚ ಕಲಸುತ್ತಾರೆ. ಜಪಾನಿನದಕ್ಕಿಂತ ಸಿಹಿ, ಭಾರ. ದಕ್ಷಿಣ ಆಸ್ಟ್ರೇಲಿಯಾದವರಿಗೂ ಪೊಟ್ಟಣದ ಐಸ್ಡ್ ಕಾಫಿ ಅಂದರೆ ಪ್ರಾಣ. ಕೊರಿಯಾದ್ದು ಇನ್ನೂ ಹತ್ತಿರದ ನೆಂಟಸ್ತಿಕೆ. 1974ರಲ್ಲಿ ಬಂದ, ಹೊಟ್ಟೆ ಉಬ್ಬಿದ ಕುಡಿಕೆಯಂಥ ಬಾಟಲಿಯ ಬಾಳೆಹಣ್ಣಿನ ಹಾಲನ್ನು ಅವರೂ ಸ್ನಾನದ ಮನೆಯಿಂದ ಹೊರಬಂದು ಕುಡಿಯುತ್ತಾರೆ. ಬಿಸಿನೀರಿನಿಂದ ಎದ್ದ ಮೈಗೆ ತಣ್ಣನೆಯ ಸಿಹಿ ಹಾಲು ಬೇಕೆನ್ನಿಸುವುದು ಎರಡೂ ನಾಡುಗಳಲ್ಲಿ ಒಂದೇ ರೀತಿ.

ನಮ್ಮಲ್ಲಿ ಬಾದಾಮಿ ಹಾಲಿದೆ, ನಂದಿನಿಯ ಬಾಟಲಿಯಲ್ಲೇ ಸಿಗುತ್ತದೆ. ಅದು ರುಚಿಯೇ, ಆದರೆ ಬಾಯಾರಿಕೆ ತಣಿಸುವ ಪಾನೀಯ ಅಲ್ಲ. ಬಿಸಿಲಿಗೆ ನಾವು ಹೋಗುವುದು ಮಜ್ಜಿಗೆಯ ಕಡೆಗೆ: ಉಪ್ಪು, ಶುಂಠಿ, ಕರಿಬೇವು, ಚಿಟಿಕೆ ಇಂಗು. ತುರ್ಕಿಯ ಆಯ್ರಾನ್ ಕೂಡ ಅದೇ ಜಾತಿ, ಬರೀ ಮೊಸರು, ನೀರು, ಉಪ್ಪು. ಊಟದ ಜೊತೆಗೆ ಮಜ್ಜಿಗೆಯನ್ನು ಮೀರಿಸುವ ಹಾಲಿನ ಪಾನೀಯ ಜಗತ್ತಿನಲ್ಲಿ ಇಲ್ಲ ಎಂದೇ ನನ್ನ ಅಭಿಪ್ರಾಯ. ಸ್ನಾನದ ನಂತರದ ಜಾಗವನ್ನು ಮಾತ್ರ ಜಪಾನಿಗೆ ಬಿಟ್ಟುಕೊಡುತ್ತೇನೆ.

ಬೇಸರದ ಸಂಗತಿಯೊಂದನ್ನೂ ಹೇಳಬೇಕು. ಆ ಗಾಜಿನ ಬಾಟಲಿ ಮರೆಯಾಗುತ್ತಿದೆ. ಬಾಟಲಿ ಮರಳಿ ತರಬೇಕು, ತೊಳೆಯಬೇಕು, ಒಡೆಯದಂತೆ ಸಾಗಿಸಬೇಕು. ಸ್ನಾನದ ಮನೆಗಳೂ ಕಮ್ಮಿಯಾದವು. ಮೆಯ್ಜಿ ಕಂಪನಿ 2025ರ ಮಾರ್ಚಿಗೆ ತನ್ನ ಬಾಟಲಿ ಕಾಫಿ ಹಾಲನ್ನು ನಿಲ್ಲಿಸಿತು. ಕೆಲವು ಊರುಗಳ ಸಣ್ಣ ಡೈರಿಗಳು ಇನ್ನೂ ಗಾಜಿನಲ್ಲೇ ತುಂಬುತ್ತಿವೆ. ಅಂಥ ಊರಿಗೆ ಹೋದರೆ ದಯವಿಟ್ಟು ಒಂದು ಬಾಟಲಿ ಕೊಂಡು ಕುಡಿಯಿರಿ.

ಮನೆಯಲ್ಲಿ ಮಾಡುವುದು ಕಷ್ಟವೇನಲ್ಲ. ದೇಶದ ಕಾಫಿಯಲ್ಲಿ ನೂರಕ್ಕೆ 70ರಷ್ಟು ಬೆಳೆಯುವ ನಾಡಿನವರು ನಾವು. ಚಿಕೋರಿ ಇಲ್ಲದ ಪುಡಿಯಲ್ಲಿ ಗಟ್ಟಿ ಡಿಕಾಕ್ಷನ್ ಇಳಿಸಿ. ಸಕ್ಕರೆಯನ್ನು ಬಿಸಿ ಡಿಕಾಕ್ಷನ್ನಿನಲ್ಲೇ ಕರಗಿಸಿ, ತಣ್ಣನೆಯ ಹಾಲಿನಲ್ಲಿ ಅದು ತಳದಲ್ಲೇ ಕೂರುತ್ತದೆ. ಕಾಯಿಸಿ ಆರಿಸಿ ಕೆನೆ ತೆಗೆದ ಒಂದು ಲೋಟ ಹಾಲಿಗೆ ಎರಡೇ ಚಮಚ ಡಿಕಾಕ್ಷನ್ ಸಾಕು, ಕೈ ಹಿಡಿದು ಹಾಕಿ. ಎರಡು ಮೂರು ಗಂಟೆ ಫ್ರಿಜ್ಜಿನಲ್ಲಿಡಿ. ಐಸ್ ಹಾಕಬೇಡಿ, ಹಾಲು ನೀರಾಗುತ್ತದೆ. ಎಣ್ಣೆ ಸ್ನಾನದ ದಿನ ಮಾಡಿ ನೋಡಿ.

ನಮಸ್ಕಾರ.