ಕುದುರೆಗೆ ನೀರು ಮೊದಲು, ಡೇರೆ ಆಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮೈಸೂರಿನವರಿಗೆ ಕುದುರೆ ಹೊಸದೇನಲ್ಲ. ಜಂಬೂಸವಾರಿಯಲ್ಲಿ ಅಶ್ವಾರೋಹಿ ದಳ ಠೀವಿಯಿಂದ ಸಾಗುವುದನ್ನು ನೋಡಿಕೊಂಡೇ ಬೆಳೆದವರು ನಾವು. ಅರಮನೆಯ ಸುತ್ತಮುತ್ತ ಟಾಂಗಾಗಳು ಇನ್ನೂ ಕಾಣಸಿಗುತ್ತವೆ. ರೇಸಿನ ಕುದುರೆಗಳೂ ಇವೆ, ಆದರೆ ಆ ಮಾತು ಎತ್ತಿದರೆ ಕೆಲವರ ಮನೆಯಲ್ಲಿ ಜಗಳ ಶುರುವಾಗುತ್ತದೆ, ಬಿಡಿ. ಇಷ್ಟೆಲ್ಲ ಇದ್ದರೂ ಕುದುರೆಯ ಪಕ್ಕದಲ್ಲಿ ಬಯಲಲ್ಲಿ ಮಲಗಿ ರಾತ್ರಿ ಕಳೆದವರು ನಮ್ಮಲ್ಲಿ ಎಷ್ಟು ಜನ ಇದ್ದಾರು?

ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ. ಕುದುರೆಗಳ ಜೊತೆ ಬೆಟ್ಟ, ಮರಳುಗಾಡು ಸುತ್ತುವುದು, ಸಂಜೆಯಾದ ಕಡೆ ಬಿಡಾರ ಹೂಡುವುದು. ನಾನು ಪಶುವೈದ್ಯ. ಮಂಡ್ಯದ ನಾಲೆ ಬಯಲಿನ ಹಸು, ಎಮ್ಮೆ, ಜೋಡೆತ್ತು ನೋಡಿಕೊಂಡೇ ಸರ್ವೀಸು ಮುಗಿಸಿದವನು. ಕುದುರೆ ನನಗೆ ರಿಟೈರಾದ ಮೇಲೆ ಹತ್ತಿದ ಹುಚ್ಚು. ಆ ಹುಚ್ಚು ನನ್ನನ್ನು ಲಡಾಖಿನ ಜಂಸ್ಕಾರಕ್ಕೂ ರಾಜಸ್ಥಾನದ ಥಾರ್‌ಗೂ ಕರೆದುಕೊಂಡು ಹೋಗಿದೆ.

ಇಂಥ ಪ್ರಯಾಣದ ಫೋಟೊ ನೋಡಿದವರೆಲ್ಲ ಸವಾರಿಯ ಬಗ್ಗೆಯೇ ಕೇಳುತ್ತಾರೆ. ಸವಾರಿ ದಿನಕ್ಕೆ ಹೆಚ್ಚೆಂದರೆ 5–6 ಗಂಟೆ. ಮಿಕ್ಕ ಹೊತ್ತೆಲ್ಲ ಕುದುರೆಯ ಚಾಕರಿ. ಎಲ್ಲಿ ನಿಲ್ಲಬೇಕು, ಎಷ್ಟು ದೂರ ಹೋಗಬೇಕು, ಯಾವಾಗ ಹೊರಡಬೇಕು, ಎಲ್ಲವನ್ನೂ ಅದರ ಹೊಟ್ಟೆಯೇ ತೀರ್ಮಾನ ಮಾಡುತ್ತದೆ. ನಮ್ಮ ಡೇರೆ, ನಮ್ಮ ಅನ್ನ ಸಾರು, ಎಲ್ಲ ಆಮೇಲೆ.

ಸ್ವಲ್ಪ ಲೆಕ್ಕ ಹಾಕೋಣ. ಸಾಧಾರಣ ಕುದುರೆ 400ರಿಂದ 500 ಕೆಜಿ ತೂಗುತ್ತದೆ. ತಂಪು ಹೊತ್ತಿನಲ್ಲಿ ಸುಮ್ನೆ ನಿಂತಿದ್ದರೂ ದಿನಕ್ಕೆ 25–30 ಲೀಟರ್ ನೀರು ಬೇಕು. ಬಿಸಿಲಲ್ಲಿ ದುಡಿಸಿದರೆ 50 ಲೀಟರ್ ದಾಟುತ್ತದೆ. ಇನ್ನು ಹೇರಿನ ಮಾತು. ತನ್ನ ತೂಕದಲ್ಲಿ ಐದರಲ್ಲೊಂದು ಪಾಲಿಗಿಂತ ಜಾಸ್ತಿ ಕುದುರೆಯ ಮೇಲೆ ಹೇರಬಾರದು. ದೂರದ ದಾರಿ ಅಂದರೆ 60–70 ಕೆಜಿಗೇ ನಿಲ್ಲಿಸಬೇಕು. 60 ಲೀಟರ್ ನೀರಿನ ತೂಕ 60 ಕೆಜಿ. ಅಂದರೆ ಬೇರೇನೂ ಹೊರದೆ ಬರೀ ನೀರು ಹೊತ್ತರೂ ಒಂದು ಕುದುರೆ ಹೊರುವುದು ಹೆಚ್ಚುಕಮ್ಮಿ ತನ್ನ ಒಂದು ದಿನದ ಬಾಯಾರಿಕೆಯನ್ನಷ್ಟೆ. ನೀರು ಹೊರಲು ಇನ್ನೊಂದು ಕುದುರೆ ತಂದರೆ ಅದೂ ಕುಡಿಯುತ್ತದೆ, ಅಲ್ವಾ? ಎಷ್ಟು ಕುದುರೆ ಸೇರಿಸಿದರೂ ಈ ಲೆಕ್ಕ ಸರಿಹೋಗುವುದಿಲ್ಲ. ಒಂಟೆಗೆ ಮರಳುಗಾಡಿನಲ್ಲಿ ಅಷ್ಟೊಂದು ಬೆಲೆ ಬಂದಿದ್ದು ಇದರಿಂದಲೇ.

ಹಾಗಾಗಿ ಥಾರ್‌ನಲ್ಲಿ ಬಾವಿ ಇದ್ದ ಕಡೆಗೇ ದಾರಿ. ಜೈಸಲ್ಮೇರ್ ಕಡೆ ವರ್ಷಕ್ಕೆ 200 ಮಿಲಿಮೀಟರ್ ಮಳೆ ಬಿದ್ದರೆ ಒಳ್ಳೆಯ ವರ್ಷ. ನಮ್ಮ ಮೈಸೂರಿನಲ್ಲಿ ಸುಮಾರು 800. ಅಲ್ಲಿನವರು ಮಳೆನೀರನ್ನು ನೆಲದೊಳಗಿನ ಟಾಂಕಾ ಅನ್ನುವ ತೊಟ್ಟಿಗಳಲ್ಲಿ ಕೂಡಿಡುತ್ತಾರೆ. ಆ ತೊಟ್ಟಿಯೇ ಮನೆಮಂದಿಯ ಬೇಸಿಗೆಯ ಆಸರೆ. ನಾಲ್ಕು ಕುದುರೆ ಹೊಡೆದುಕೊಂಡು ಹೋಗಿ ಅದರಲ್ಲಿ 200 ಲೀಟರ್ ಎತ್ತಿದರೆ ಒಂದು ಸಂಸಾರದ ಎಷ್ಟು ದಿನದ ನೀರು ಅದು, ಯೋಚಿಸಿ. ಮೊದಲೇ ಊರಿನ ಹಿರಿಯರ ಹತ್ತಿರ ಮಾತಾಡಿ, ಟ್ಯಾಂಕರ್ ತರಿಸಿ, ಆಮೇಲೆ ಕುದುರೆ ಬಿಡುವುದು ಮರ್ಯಾದೆ. ನಾಲೆಯ ಕೆಳಗೆ ಹುಟ್ಟಿದ ನನ್ನಂಥವನಿಗೆ ನೀರನ್ನು ಬಕೆಟ್ಟಿನ ಲೆಕ್ಕದಲ್ಲಿ ಕೇಳಿ ಪಡೆಯುವುದು ಮೊದಮೊದಲು ಮುಜುಗರದ ಕೆಲಸವಾಗಿತ್ತು.

ಈ ಲೆಕ್ಕವನ್ನು ನಮ್ಮ ಊರಿನ ಸವಾರರು ನೂರು ವರ್ಷದ ಹಿಂದೆಯೇ ಕಲಿತಿದ್ದರು. ಮೈಸೂರು ಲ್ಯಾನ್ಸರ್ಸ್ ಹೆಸರು ಕೇಳಿರುತ್ತೀರಿ. ಮೊದಲ ಮಹಾಯುದ್ಧದಲ್ಲಿ ಮಹಾರಾಜರ ಈ ಕುದುರೆ ಪಡೆ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆ ಕಾಯಿತು. ಮುಂದೆ ಪ್ಯಾಲೆಸ್ಟೈನಿನಲ್ಲಿ ಕಾದಿತು. ಆ ರಂಗದ ಯುದ್ಧದಲ್ಲಿ ಗುಂಡಿನಷ್ಟೇ ಯೋಚನೆ ನೀರಿನದೂ ಆಗಿತ್ತು. ಈಜಿಪ್ಟಿಗೂ ಪ್ಯಾಲೆಸ್ಟೈನಿಗೂ ನಡುವಿನ ಸೈನಾಯ್ ಮರಳುಗಾಡಿನಲ್ಲಿ ಬ್ರಿಟಿಷ್ ಸೈನ್ಯ ರೈಲು ಹಳಿಯ ಜೊತೆಜೊತೆಗೆ ಈಜಿಪ್ಟಿನಿಂದ ನೀರಿನ ಪೈಪನ್ನೂ ಹಾಕಿಕೊಂಡು ಮುಂದೆ ಹೋಯಿತು. 1917ರ ಅಕ್ಟೋಬರ್ 31ರಂದು ಬೀರ್‌ಶೆಬಾ ಊರಿನ ಮೇಲೆ ಆಸ್ಟ್ರೇಲಿಯಾದ ಕುದುರೆ ಪಡೆ ನುಗ್ಗಿದ್ದಕ್ಕೆ ಒಂದು ದೊಡ್ಡ ಕಾರಣ ಅಲ್ಲಿನ ಬಾವಿಗಳು. ಸಂಜೆಯೊಳಗೆ ಆ ಬಾವಿಗಳು ಕೈಗೆ ಸಿಗದಿದ್ದರೆ ಕುದುರೆಗಳನ್ನು ನೀರಿಗಾಗಿ ಬಹಳ ದೂರ ವಾಪಸು ಹೊಡೆದುಕೊಂಡು ಹೋಗಬೇಕಿತ್ತು. 1918ರ ಬೇಸಿಗೆಯನ್ನು ನಮ್ಮವರು ಜೋರ್ಡಾನ್ ಕಣಿವೆಯಲ್ಲಿ ಕಳೆದರು. ಸಮುದ್ರಮಟ್ಟಕ್ಕಿಂತ 1,000 ಅಡಿಗೂ ಕೆಳಗಿರುವ, ಧೂಳು ಸೆಖೆ ಸೊಳ್ಳೆಗಳ ಜಾಗ ಅದು. ಅಲ್ಲಿಂದ ಎದ್ದು ಬಂದು ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಹೈಫಾ ಪಟ್ಟಣ ಗೆದ್ದರು. ಆ ದಿನ ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ಮಗ್ಗುಲನ್ನು ಹತ್ತಿ ಮೇಲಿದ್ದ ಫಿರಂಗಿಗಳನ್ನು ಹಿಡಿಯಿತು. ಈ ಸವಾರರ ನೆನಪಿಗೆ ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ನಿಂತಿರುವ ಮೂರು ಸೈನಿಕರ ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಹೈಫಾದ ಆ ಕುದುರೆ ದಾಳಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಮಾತ್ರ ಆ ಹಿಂದಿನ ಅಷ್ಟೂ ತಿಂಗಳು ಕುದುರೆಗಳನ್ನು ಓಡುವ ಸ್ಥಿತಿಯಲ್ಲಿ ಇಟ್ಟುಕೊಂಡವರ ಬಗ್ಗೆಯೇ ಕುತೂಹಲ.

ಮರಳಿನ ಇನ್ನೊಂದು ಕಾಟ ಹೊಟ್ಟೆಯದು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಹಿಂದಿನಿಂದಲೇ ಹೋಗಬೇಕು. ಮೇವನ್ನು ಮರಳಿನ ಮೇಲೆ ಸುರಿದರೆ ಪ್ರತಿ ತುತ್ತಿಗೂ ಒಂದಿಷ್ಟು ಮರಳು ಸೇರುತ್ತದೆ. ಅದು ಕರುಳಿನ ತಳದಲ್ಲಿ ಕೂತು ದಿನದಿನಕ್ಕೆ ಭಾರವಾಗುತ್ತದೆ. ಒಂದು ದಿನ ಕುದುರೆ ಮುಂಗಾಲಿನಿಂದ ನೆಲ ಕೆರೆಯಲು ಶುರುಮಾಡುತ್ತದೆ, ತಿರುಗಿ ತಿರುಗಿ ಪಕ್ಕೆ ನೋಡಿಕೊಳ್ಳುತ್ತದೆ, ಬಿದ್ದು ಹೊರಳುತ್ತದೆ. ಇದು ಹೊಟ್ಟೆಶೂಲೆ. ಹತ್ತಿರದ ಡಾಕ್ಟರು 80 ಕಿಲೋಮೀಟರ್ ದೂರ ಇದ್ದರೆ ಪ್ರಾಣಕ್ಕೇ ಸಂಚಕಾರ.

ಇದನ್ನು ಮೊದಲೇ ಕಂಡುಹಿಡಿಯಲು ಸುಲಭದ ಉಪಾಯ ಒಂದಿದೆ. ಆಗತಾನೇ ಹಾಕಿದ ಲದ್ದಿಯಲ್ಲಿ ನೆಲಕ್ಕೆ ತಾಗದ ನಾಲ್ಕೈದು ಉಂಡೆ ಎತ್ತಿಕೊಳ್ಳಿ. ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ, ಚೆನ್ನಾಗಿ ಕಲಕಿ ಇಡಿ. ಸ್ವಲ್ಪ ಹೊತ್ತಿನಲ್ಲಿ ನಾರು, ಹೊಟ್ಟು ಮೇಲೆ ತೇಲುತ್ತದೆ. ಬಾಟಲಿಯನ್ನು ವಾರೆ ಮಾಡಿ ತಳ ನೋಡಿ. ಮರಳು ಇದ್ದರೆ ಅಲ್ಲಿ ಗೆರೆ ಕಟ್ಟಿರುತ್ತದೆ, ಬೆರಳಲ್ಲಿ ಉಜ್ಜಿದರೆ ಗರಗರ ಅನ್ನುತ್ತದೆ. ಆ ಗೆರೆ ದಪ್ಪಗಿದ್ದರೆ ಮಾರನೆಯ ದಿನ ಪ್ರಯಾಣ ಬೇಡ. ಜಾಸ್ತಿ ಒಣಹುಲ್ಲು, ಜಾಸ್ತಿ ನೀರು ಕೊಟ್ಟು ಹೊಟ್ಟೆ ಓಡಾಡುವಂತೆ ನೋಡಿಕೊಳ್ಳಬೇಕು. ಗೆರೆ ಕಾಣಲಿಲ್ಲ ಅಂತ ಪೂರ್ತಿ ನಿಶ್ಚಿಂತೆಯೂ ಬೇಡ, ಒಳಗೆ ಕೂತ ಮರಳು ಕೆಲವು ಸಲ ಹೊರಗೆ ಬರುವುದೇ ಇಲ್ಲ. ಅದಕ್ಕೇ ಮೇವನ್ನು ನೆಲಕ್ಕೆ ಸುರಿಯದೆ ತಾಡಪಾಲಿನ ಮೇಲೆ ಅಥವಾ ಬಲೆಚೀಲದಲ್ಲಿ ಕೊಡುವುದು ಒಳ್ಳೆಯದು.

ಮರಳಲ್ಲಿ ಗೂಟವೂ ನಿಲ್ಲುವುದಿಲ್ಲ. ನಮ್ಮ ತಲಕಾಡಿನ ಮರಳಲ್ಲಿ ಒಂದು ಗೂಟ ಹೊಡೆದು ಎಳೆದು ನೋಡಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರುತ್ತದೆ. ಅದಕ್ಕೇ ಗೋಣಿಚೀಲಕ್ಕೆ ಮರಳು ತುಂಬಿ, ಹಗ್ಗ ಬಿಗಿದು, ಎರಡು ಮೂರು ಅಡಿ ಆಳಕ್ಕೆ ಹೂತುಬಿಡಬೇಕು. ಕುದುರೆ ಎಷ್ಟು ಜಗ್ಗಿದರೂ ಅದು ಅಲ್ಲಾಡುವುದಿಲ್ಲ. ಇನ್ನು ಒಣಗಿದ ಹಳ್ಳದ ಪಾತ್ರ ಎಷ್ಟು ಮೆತ್ತಗೆ, ಸಮತಟ್ಟಾಗಿ ಕಂಡರೂ ಅಲ್ಲಿ ಡೇರೆ ಬೇಡ. ಮಳೆ ಎಲ್ಲೋ ದೂರದ ಬೆಟ್ಟದಲ್ಲಿ ಬಿದ್ದಿರುತ್ತದೆ, ನೀರು ನಡುರಾತ್ರಿ ಇಲ್ಲಿಗೆ ನುಗ್ಗುತ್ತದೆ.

ಬೆಟ್ಟಕ್ಕೆ ಬರೋಣ. ಅಲ್ಲಿ ತೊರೆ ಇರುತ್ತದೆ, ನೀರಿನ ಯೋಚನೆ ಕಡಿಮೆ. ಯೋಚನೆ ಏನಿದ್ದರೂ ಹುಲ್ಲಿನದು. ಕುದುರೆಗೆ ದಿನಕ್ಕೆ ತನ್ನ ತೂಕದ 100ಕ್ಕೆ 2 ಪಾಲಿನಷ್ಟು ಒಣಮೇವು ಬೇಕು, ಅಂದರೆ 8–10 ಕೆಜಿ. ಜಂಸ್ಕಾರದ ಕುದುರೆಗಳು ಗಿಡ್ಡ, ಗಟ್ಟಿ, ಎತ್ತರದ ತೆಳುಗಾಳಿಯಲ್ಲೂ ಹೇರು ಹೊತ್ತು ನಡೆಯುತ್ತವೆ. ಅವುಗಳಿಗೂ ಹೊಟ್ಟೆ ತುಂಬಬೇಕಲ್ಲ. ದಾರ್ಚಾದಿಂದ ಪದುಮ್ ಕಡೆಗೆ ಹೋಗುವ ಹಳೆಯ ಕುದುರೆ ದಾರಿಯಲ್ಲಿ, ಶಿಂಕು ಲಾ ಕಣಿವೆಬಾಗಿಲಿನ ಆಚೀಚೆ, ಬಿಡಾರದ ಜಾಗಗಳೆಲ್ಲ ಹುಲ್ಲು ಇರುವ ಕಡೆಯೇ ಇವೆ. ಈಗ ಆ ದಾರಿಗೆ ರಸ್ತೆ ಬಂದಿದೆ, ಕುದುರೆಯವರ ಕೆಲಸ ತಗ್ಗಿದೆ. ರಸ್ತೆ ಬೇಡ ಅನ್ನಲು ನಾನ್ಯಾರು? ಚಳಿಗಾಲದಲ್ಲಿ ಹೆರಿಗೆಗೆ ಆಸ್ಪತ್ರೆ ಬೇಕಾದವರು ಅವರು.

ಅಲ್ಲಿನ ಕುದುರೆಯವರು ಹೇರು ಕಟ್ಟುವುದನ್ನು ಗಂಟೆಗಟ್ಟಲೆ ನೋಡಬಹುದು. ಎರಡು ಚೀಲ, ಎರಡು ಕೈ. ಕಣ್ಣು ಬೇರೆಲ್ಲೋ, ಬಾಯಲ್ಲಿ ಹರಟೆ. ಎರಡನ್ನೂ ಒಂದೇ ಸಲ ಎತ್ತಿ, ಇಳಿಸಿ, ಹಗುರ ಇರುವ ಕಡೆಗೆ ಮುಷ್ಟಿಗಾತ್ರದ ಒಂದು ಕಲ್ಲು ತುರುಕುತ್ತಾರೆ. ತಕ್ಕಡಿ ಇಲ್ಲ. ಕುದುರೆಯ ಎರಡೂ ಮಗ್ಗುಲಿಗೆ ತೂಕ ಸಮ ಇಲ್ಲದಿದ್ದರೆ ಜೀನು ಒಂದು ಕಡೆಗೆ ವಾಲುತ್ತದೆ, ಸಂಜೆಯೊಳಗೆ ಬೆನ್ನು ಕಿತ್ತುಹೋಗುತ್ತದೆ. ಒಂದು ಕಲ್ಲು ಆ ಗಾಯ ತಪ್ಪಿಸುತ್ತದೆ.

ರಾತ್ರಿ ಅವರು ಕುದುರೆಗಳನ್ನು ಕಟ್ಟುವುದು ಕಡಿಮೆ. ಕೊರಳಿಗೆ ಗಂಟೆ ಹಾಕಿ ಮೇಯಲು ಬಿಡುತ್ತಾರೆ. ಬೆಳಗ್ಗೆ ಅವು ಎರಡು ಗುಡ್ಡದಾಚೆ ಇರುತ್ತವೆ, ಹುಡುಕಿ ತರುವಷ್ಟರಲ್ಲಿ ಒಂಬತ್ತಾಗಿರುತ್ತದೆ. ಗಡಿಯಾರ ನೋಡಿಕೊಂಡು ಬಂದ ಪೇಟೆಯವರು ಅಲ್ಲಿ ಗೊಣಗುತ್ತಾರೆ. ಕುದುರೆ ಸ್ವತಂತ್ರವಾಗಿದ್ದರೆ ದಿನಕ್ಕೆ 14–16 ಗಂಟೆ ಮೇಯುವ ಪ್ರಾಣಿ. ಹಗಲೆಲ್ಲ ನಮ್ಮ ಸಾಮಾನು ಹೊತ್ತ ಮೇಲೆ ಮೇಯಲು ಅದಕ್ಕೆ ಉಳಿಯುವುದು ರಾತ್ರಿಯೇ ತಾನೇ? ತೋಳ, ಹಿಮಚಿರತೆಗಳ ಭಯ ಇದ್ದ ಕಡೆ ಮಾತ್ರ ಹತ್ತಿರದಲ್ಲೇ ಇಟ್ಟುಕೊಳ್ಳುತ್ತಾರೆ.

ಅಮೆರಿಕದ ಪಶ್ಚಿಮದ ಬೆಟ್ಟಗಳಲ್ಲಿ ಈ ಹವ್ಯಾಸ ಬಹಳ ಜನರಿಗಿದೆ. ಅಲ್ಲಿನ ಪದ್ಧತಿ ಬೇರೆ. ಎರಡು ಗಟ್ಟಿ ಮರಗಳ ನಡುವೆ ಸುಮಾರು 7 ಅಡಿ ಎತ್ತರದಲ್ಲಿ ಹಗ್ಗ ಬಿಗಿದು ಕುದುರೆಗಳನ್ನು ಅದಕ್ಕೆ ಕಟ್ಟುತ್ತಾರೆ. ಹಗ್ಗ ತೊಗಟೆಯನ್ನು ಕೊರೆಯದಂತೆ ಮರಕ್ಕೆ ಅಗಲವಾದ ಪಟ್ಟಿ ಸುತ್ತುತ್ತಾರೆ. ಕುದುರೆಯ ಮೂತಿ ನೆಲ ಮುಟ್ಟುವಷ್ಟು ಹಗ್ಗ ಬಿಡಬೇಕು. ಅದಕ್ಕಿಂತ ಉದ್ದವಾದರೆ ಮುಂಗಾಲು ಸಿಕ್ಕಿಕೊಳ್ಳುತ್ತದೆ. ಗಂಟು ಒಂದೇ ಎಳೆತಕ್ಕೆ ಬಿಚ್ಚುವಂತಿರಬೇಕು. ಮರದ ಬುಡಕ್ಕೇ ಕಟ್ಟಿಬಿಟ್ಟರೆ ಒಂದೇ ರಾತ್ರಿಯಲ್ಲಿ ಬೇರು ಕೆರೆದು, ತೊಗಟೆ ಕಡಿದು ಮರಕ್ಕೆ ಗತಿ ಕಾಣಿಸುತ್ತವೆ. ಬಿಡಾರ ತೊರೆಯಿಂದ 200 ಅಡಿಯಾದರೂ ದೂರ ಇರಲಿ ಅನ್ನುತ್ತಾರೆ. ಅಲ್ಲಿನ ಎಷ್ಟೋ ಸರ್ಕಾರಿ ಕಾಡುಗಳಲ್ಲಿ ಕಳೆಬೀಜ ಇಲ್ಲ ಅಂತ ದೃಢೀಕರಿಸಿದ ಮೇವನ್ನಷ್ಟೇ ಒಯ್ಯಬೇಕು, ಯಾಕೆಂದರೆ ಲದ್ದಿಯಲ್ಲಿ ಹೋದ ಬೀಜ ಬೆಟ್ಟದ ತುಂಬ ಮೊಳೆಯುತ್ತದೆ. ಪಾರ್ಥೇನಿಯಂ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕರಡಿ ಇರುವ ಕಡೆ ಕುದುರೆಯ ಕಾಳನ್ನೂ ನಮ್ಮ ಊಟದ ಹಾಗೆ ಜೋಪಾನವಾಗಿ ಮುಚ್ಚಿಡಬೇಕು.

ಕುದುರೆ ನಿಂತೇ ತೂಕಡಿಸುತ್ತದೆ, ನಿಜ. ಆದರೆ ಗಾಢ ನಿದ್ದೆಗೆ ಅದು ಮಲಗಲೇಬೇಕು, ದಿನಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ ಸಾಕು. ಹೊಸ ಜಾಗದಲ್ಲಿ ಭಯ ಇದ್ದರೆ ಮಲಗುವುದಿಲ್ಲ. ಹಲವು ಕುದುರೆ ಇದ್ದರೆ ಒಂದು ನಿಂತು ಕಾಯುತ್ತದೆ, ಮಿಕ್ಕವು ಮಲಗುತ್ತವೆ. ಒಂದೇ ಕುದುರೆ ಕಟ್ಟಿಕೊಂಡು ಹೊರಡಬೇಡಿ ಅನ್ನಲು ನನಗೆ ಇದೊಂದು ಕಾರಣ ಸಾಕು.

ಮೈಸೂರು, ಮಂಡ್ಯದಿಂದ ಹೊರಡುವ ಆಸೆ ಇರುವವರಿಗೆ ನಾಲ್ಕು ಮಾತು. ನಾಗರಹೊಳೆ, ಬಂಡೀಪುರ ಹುಲಿ ಮೀಸಲು ಕಾಡುಗಳು, ಅಲ್ಲಿ ಇಂಥದ್ದಕ್ಕೆ ಅವಕಾಶ ಇಲ್ಲ, ಕೇಳುವುದೂ ಬೇಡ. ಜಂಸ್ಕಾರಕ್ಕೆ ಜುಲೈಯಿಂದ ಸೆಪ್ಟೆಂಬರ್, ಥಾರ್‌ಗೆ ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಇಲ್ಲಿರುವಾಗಲೇ ಸವಾರಿ ಶಾಲೆಗೆ ಹೋಗಿ. ಬರೀ ಹತ್ತಿ ಕೂರುವುದಲ್ಲ, ಗೊರಸು ಎತ್ತಿ ಕಲ್ಲು ತೆಗೆಯುವುದು, ಮೈ ಉಜ್ಜುವುದು, ಲಾಳ ಸಡಿಲವಾಗಿದೆಯೇ ನೋಡುವುದು, ಇಷ್ಟನ್ನೂ ಕಲಿಯಿರಿ. ಕುದುರೆಯ ಮೇವನ್ನು ದಿಢೀರನೆ ಬದಲಿಸಬಾರದು. ಹುರುಳಿ ತಿಂದು ಬೆಳೆದದ್ದಕ್ಕೆ ಒಂದೇ ದಿನ ಬಜರಾ, ಅಂದರೆ ಸಜ್ಜೆ, ಸುರಿಯಬೇಡಿ, ವಾರ ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಹೊಂದಿಸಿ. ದಾರಿಯಲ್ಲಿ ಕತ್ತಿನ ಚರ್ಮ ಚಿವುಟಿ ಬಿಡಿ. ತಟ್ಟನೆ ಸರಿಹೋದರೆ ಸರಿ, ಮಡಿಕೆ ಹಾಗೇ ನಿಂತರೆ ಮೈಯಲ್ಲಿ ನೀರು ಕಮ್ಮಿಯಾಗಿದೆ.

ಕೊನೆಯದು, ದುಡ್ಡಿನ ವಿಚಾರ. ಅಡ್ವಾನ್ಸ್ ಕೊಡುವ ಮೊದಲು ಜೀನು, ಅದರ ಕೆಳಗಿನ ಕಂಬಳಿ ಎರಡನ್ನೂ ತೆಗೆಸಿ. ಹೆಗಲಿನಿಂದ ಸೊಂಟದವರೆಗೆ ಬೆನ್ನಿನ ಎರಡೂ ಕಡೆ ಅಂಗೈ ಒತ್ತಿಕೊಂಡು ಹೋಗಿ. ಕುದುರೆ ಬೆನ್ನು ತಗ್ಗಿಸಿದರೆ, ಕಿವಿ ಹಿಂದಕ್ಕೆ ಮಾಡಿದರೆ, ಕೂದಲು ಉದುರಿದ ಕಡೆ ಹಸಿಗಾಯ ಕಂಡರೆ ಆ ಕುದುರೆ ಬೇಡ ಅನ್ನಿ. ಕುದುರೆಯವರು ಬೇರೆ ಕುದುರೆ ತರುತ್ತಾರೆ. ತರದಿದ್ದರೆ ಬೇರೆ ಕುದುರೆಯವರನ್ನು ಹುಡುಕಿ.

ನಮಸ್ಕಾರ.