ಬಿಸಿಗಾಳಿ ತಂಪು ಮಾಡೋದಿಲ್ಲ

(ಕಲಬುರಗಿಯಲ್ಲಿ ಡೆಲಿವರಿ ಹಾಗೂ ಫೀಲ್ಡ್ ಕೆಲಸದ ಗೆಳೆಯರ ಮುಂದೆ, ಮಾರ್ಚ್ ಕೊನೆಯ ಭಾನುವಾರ ಆಡಿದ ಮಾತುಗಳ ಬರಹರೂಪ)

ಎಲ್ಲರಿಗೂ ಶರಣು ಶರಣಾರ್ಥಿ.

ಏಪ್ರಿಲ್ ಬಂದೇಬಿಟ್ಟಿತು. ಏಪ್ರಿಲ್, ಮೇ ಬಂದರೆ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವುದು ನಿಮಗೆಲ್ಲ ಗೊತ್ತಿರುವ ವಿಷಯ. ವಿಜಯಪುರ, ಬಾಗಲಕೋಟೆಗೂ ಇದೇ ವೇಳೆ. ಬಹಳ ಒಳ್ಳೆಯ ಪದ್ಧತಿ, ನನ್ನ ತಕರಾರೇನೂ ಇಲ್ಲ. ಫ್ಯಾನಿನ ಕೆಳಗೆ ಕೂತವರಿಗೇ ಮಟಮಟ ಮಧ್ಯಾಹ್ನ ತಡೆಯೋದಿಲ್ಲ ಅಂತ ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು. ಹಾಗಾದರೆ ಅದೇ ಒಂದೂವರೆಗೆ ಸೂಪರ್ ಮಾರ್ಕೆಟಿನಿಂದ ಊಟದ ಡಬ್ಬಿ ಬೆನ್ನಿಗೇರಿಸಿಕೊಂಡು ರಿಂಗ್ ರೋಡಿಗೆ ಹೊರಡುವ ಹುಡುಗನ ಗತಿ ಏನು? ಸೇಡಂ ಕಡೆ ಹಳ್ಳಿಗೆ ಸಂಘದ ಕಂತು ವಸೂಲಿಗೆ ಹೋಗುವವನದು? ಸ್ಕೂಟಿಯ ಮೇಲೆ ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತೆಯದು? ಇವರ ವೇಳೆಯನ್ನು ಯಾರು ಬದಲಾಯಿಸಬೇಕು? ಇದನ್ನು ಕೇಳಲಿಕ್ಕೇ ಇಲ್ಲಿಗೆ ಬಂದಿದ್ದೇನೆ. ಆದರೆ ಅದಕ್ಕೂ ಮೊದಲು ಮೈ ಉಳಿಸಿಕೊಳ್ಳುವ ದಾರಿ ಹೇಳುತ್ತೇನೆ. ಆದೇಶ ಬರುವತನಕ ಬಿಸಿಲು ಕಾಯೋದಿಲ್ಲವಲ್ಲ.

ನಾನು ಔಷಧ ಕಂಪನಿಯ ಪ್ರತಿನಿಧಿಯಾಗಿ ಬೀದರದಿಂದ ಲಿಂಗಸುಗೂರಿನವರೆಗೆ ಬೈಕಿನ ಮೇಲೇ ಓಡಾಡಿದವನು. ಈ ರಸ್ತೆಗಳಲ್ಲಿ ನೆರಳಿನ ಬೇವಿನ ಮರ ಎಲ್ಲಿದೆ, ಕೈಪಂಪು ಎಲ್ಲಿದೆ, ರಸ್ತೆ ಅಗಲ ಮಾಡುವಾಗ ಯಾವ ಆಲದ ಮರ ಹೋಯಿತು, ಎಲ್ಲ ಬಾಯಿಪಾಠ. ಇಷ್ಟು ದಿನ ತಿರುಗಿ ತಿಳಿದುಕೊಂಡದ್ದರಲ್ಲಿ ಒಂದೇ ಒಂದು ಮಾತು ನಿಮ್ಮ ತಲೆಯಲ್ಲಿ ಉಳಿದರೆ ಸಾಕು: ಬಿಸಿಗಾಳಿ ತಂಪು ಮಾಡೋದಿಲ್ಲ.

"ಗಾಡಿ ಓಡ್ತಿದ್ರ ಗಾಳಿ ಬಡೀತದ, ನಿಂತ್ರೇ ಸೆಕಿ" ಅಂತ ನಾವೆಲ್ಲ ಹೇಳುತ್ತೇವೆ. ಜನವರಿಯಲ್ಲಿ ಈ ಮಾತು ನಿಜ, ಜುಲೈಯಲ್ಲೂ ನಿಜ. ನಮ್ಮ ಚರ್ಮದ ಉಷ್ಣಾಂಶ ಸುಮಾರು 35 ಡಿಗ್ರಿ. ಗಾಳಿ 28 ಡಿಗ್ರಿ ಇದ್ದರೆ ಮೈಯ ಕಾವನ್ನು ಅದು ಒಯ್ಯುತ್ತದೆ, ಹಾಯೆನಿಸುತ್ತದೆ. ಗಾಳಿ 42 ಡಿಗ್ರಿ ಆಯಿತೆಂದರೆ ಲೆಕ್ಕ ತಿರುವುಮುರುವು. ಆಗ ಗಾಳಿಯೇ ಮೈಗೆ ಕಾವು ತುಂಬುತ್ತದೆ. ಜೋರಾಗಿ ಹೋದಷ್ಟೂ ಹೆಚ್ಚು ತುಂಬುತ್ತದೆ. ಆಗ ನಮ್ಮನ್ನು ಕಾಯುವುದು ಬೆವರೊಂದೇ. ಒಂದು ಲೀಟರ್ ಬೆವರು ಮೈಮೇಲೆಯೇ ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಕಾವು ಹೊರಗೆ ಹೋಗುತ್ತದೆ. ಸುಮ್ಮನೆ ಕೂತ ಮನುಷ್ಯನ ಮೈಯಲ್ಲಿ ಏಳೆಂಟು ತಾಸಿಗೆ ಹುಟ್ಟುವಷ್ಟು ಕಾವು ಅದು. ದೇವರು ಕೊಟ್ಟ ದೊಡ್ಡ ಯಂತ್ರ! ಆದರೆ ಬರಿಮೈಯಲ್ಲಿ 70ರ ವೇಗದಲ್ಲಿ ಹೋದರೆ ಬೆವರು ಹುಟ್ಟುವುದಕ್ಕಿಂತ ಬೇಗ ಆರಿಹೋಗುತ್ತದೆ. ಚರ್ಮ ಒಣಗಿ ನಿಲ್ಲುತ್ತದೆ. ಮೇಲಿನಿಂದ ಸೂರ್ಯ, ಕೆಳಗಿನಿಂದ 60 ಡಿಗ್ರಿ ದಾಟಿದ ಡಾಂಬರು, ಕಾಲಸಂದಿಯಲ್ಲಿ ಎಂಜಿನ್, ಮುಂದಿನಿಂದ ಝಳ. ಬಿಚ್ಚಿಕೊಂಡ ಮೈಗೆ ಇಷ್ಟೂ ನೇರವಾಗಿ ಬಡಿಯುತ್ತದೆ.

ಒಂದು ಘಟನೆ ಹೇಳುತ್ತೇನೆ. ನನ್ನ ಜೊತೆ ಕೆಲಸ ಮಾಡಿದವರು ಇಲ್ಲಿದ್ದಾರೆ, ಅವರು ಇದನ್ನು ಬಹಳ ಸಲ ಕೇಳಿದ್ದಾರೆ, ಇನ್ನೊಮ್ಮೆ ಕೇಳಲಿ.

ಮೇ ತಿಂಗಳು. ಶಹಾಪುರದಿಂದ ಜೇವರ್ಗಿಗೆ ಬರುತ್ತಿದ್ದೆ. ಎರಡು ಗಂಟೆ ಆಗಿರಬೇಕು. ಎರಡೂ ಕಡೆ ಬಿರುಕು ಬಿಟ್ಟ ಎರೆಹೊಲ, ತೊಗರಿ ಕಿತ್ತು ಯಾವ ಕಾಲ ಆಗಿತ್ತೋ, ಒಂದು ಹಕ್ಕಿಯೂ ಇಲ್ಲ. ರಸ್ತೆ ಪಕ್ಕ ಒಬ್ಬ ಅಜ್ಜಿಯ ಚಹಾದ ಗುಡಿಸಲು. ಅದರ ಮುಂದೆ ಒಂದು ಬೈಕು, ಪಕ್ಕದಲ್ಲಿ ಇಪ್ಪತ್ತೈದರ ಆಸುಪಾಸಿನ ಹುಡುಗ. ಅಂಗಿ ಬಿಚ್ಚಿ ಹ್ಯಾಂಡಲ್ಲಿಗೆ ಕಟ್ಟಿದ್ದ, ಮೈಮೇಲೆ ಬನಿಯನ್ ಮಾತ್ರ. ಹೆಲ್ಮೆಟ್ಟು ಕನ್ನಡಿಗೆ ನೇತಾಡುತ್ತಿತ್ತು, ಅದರ ಪಟ್ಟಿಯ ಮೇಲೆ ಒಣಗಿದ ಬೆವರಿನ ಬಿಳಿ ಉಪ್ಪು. ನಾನು ಗಾಡಿ ನಿಲ್ಲಿಸಿದ್ದು ಚಹಾಕ್ಕೆ. ಆದರೆ ಆ ಹುಡುಗ ಮಾಡುತ್ತಿದ್ದುದನ್ನು ನೋಡಿ ಹತ್ತಿರ ಹೋದೆ. ಅವನು ಕೀಲಿಕೈಯನ್ನು ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಹಾಕುತ್ತಿದ್ದ, ತಿರುಗಿಸುತ್ತಿದ್ದ, ತೆಗೆಯುತ್ತಿದ್ದ, ಮತ್ತೆ ಅಲ್ಲೇ ಹಾಕುತ್ತಿದ್ದ. ಗಾಡಿ ಚಾಲೂ ಮಾಡುತ್ತಿದ್ದೇನೆ ಅಂತ ಅವನ ಎಣಿಕೆ! "ಅಣ್ಣಾ, ಜೇವರ್ಗಿ ಎಷ್ಟ್ ದೂರ ಅದ?" ಅಂದ. ಹೇಳಿದೆ. ಒಂದು ಕ್ಷಣ ಬಿಟ್ಟು ಮತ್ತೆ, "ಅಣ್ಣಾ, ಜೇವರ್ಗಿ ಎಷ್ಟ್ ದೂರ ಅದ?" ನಾಲಿಗೆ ತೊದಲುತ್ತಿತ್ತು. ಮುಂಗೈ ಹಿಡಿದು ನೋಡಿದೆ. ಸುಡುತ್ತಿತ್ತು, ಬೆವರಿನ ಪಸೆಯೇ ಇರಲಿಲ್ಲ.

ನೀರಿನ ಬಾಟಲಿ ತೆಗೆದು ಅವನ ಬಾಯಿಗೆ ಹಿಡಿಯಲು ಒಬ್ಬ ಲಾರಿ ಡ್ರೈವರ್ ಮುಂದಾದ. ಒಳಗಿಂದ ಅಜ್ಜಿ ಕೂಗಿದಳು: "ಬಾಯಿಗಿ ಹಾಕಬ್ಯಾಡೋ ಯಪ್ಪಾ, ನೆತ್ತಿಗೇರ್ತದ. ಅಂವಗ ಖಬರಿಲ್ಲ. ಮೈಗಿ ಹಾಕ್ರಿ, ಮೈಗಿ!" ಕೂಗುತ್ತಲೇ ತನ್ನ ನೀರಿನ ಗಡಿಗೆಗೆ ಸುತ್ತಿದ್ದ ಒದ್ದೆ ಗೋಣಿತಟ್ಟನ್ನು ಎಳೆದು ತಂದು ಅವನ ಬೆನ್ನಿಗೆ ಹೊದಿಸಿದಳು. ನಾವು ಅವನನ್ನು ನೆರಳಿಗೆ ಎಳೆದು ಮಲಗಿಸಿದೆವು. ಗಡಿಗೆಯ ನೀರಷ್ಟನ್ನೂ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಸುರಿದೆವು. ಲಾರಿ ಡ್ರೈವರ್ ಬಿಸ್ಕತ್ತಿನ ರಟ್ಟು ಹರಿದು ಗಾಳಿ ಬೀಸಿದ, ಕೈ ಸೋಲುವತನಕ ಬೀಸಿದ. ನಾನು 108ಕ್ಕೆ ಫೋನ್ ಮಾಡಿದೆ. ಗಾಡಿ ಬರುವ ಹೊತ್ತಿಗೆ ಹುಡುಗ ತನ್ನ ಹೆಸರು ಹೇಳುವಷ್ಟು ಆಗಿದ್ದ. ಬದುಕಿದ. ಸಾಗಿಸುವ ಮೊದಲೇ ತಣಿಸಿದ್ದು ಅವನನ್ನು ಉಳಿಸಿತು ಅಂತ ಆಮೇಲೆ ವೈದ್ಯರು ಹೇಳಿದರು. ಮೈಯೊಳಗಿನ ಕಾವು 40 ಡಿಗ್ರಿ ಮುಟ್ಟಿ ಬುದ್ಧಿ ಮಸುಕಾದರೆ ಅದು ಬಿಸಿಲಾಘಾತ. ಆಗ ಒಂದೊಂದು ನಿಮಿಷಕ್ಕೂ ಬೆಲೆ ಇದೆ. ಮೊದಲು ತಣಿಸಿ, ಆಮೇಲೆ ಸಾಗಿಸಿ. ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ, ಆದರೆ ಅವಳಂದದ್ದು ಅಕ್ಷರಶಃ ವೈದ್ಯಶಾಸ್ತ್ರ. ಎಚ್ಚರ ಪೂರ್ತಿ ಇಲ್ಲದವರ ಬಾಯಿಗೆ ನೀರು ಹಾಕಬಾರದು, ಉಸಿರಿನ ಕೊಳವೆಗೆ ಇಳಿಯುತ್ತದೆ.

ಅವನು ಆ ಹೊತ್ತಿನಲ್ಲಿ ಯಾಕೆ ಹೊರಟಿದ್ದ? ಮೂರು ಗಂಟೆಯೊಳಗೆ ಇನ್ನೆರಡು ಊರು ಮುಗಿಸಿ ಫೋಟೊ ಕಳಿಸಬೇಕು ಅಂತ ಮೇಲಿನವರ ಮೆಸೇಜು ಬಂದಿತ್ತು. ಕಂಪನಿಯ ಹೆಸರು ಬೇಡ. ನಿಮ್ಮಲ್ಲಿ ಬಹಳ ಜನರ ಫೋನಿನಲ್ಲಿ ಅಂಥದೇ ಮೆಸೇಜು ಈಗಲೂ ಇರುತ್ತದೆ.

ಆ ಗಡಿಗೆಯ ಕಡೆ ಮತ್ತೆ ಬನ್ನಿ. ಹೊರಗೆ 43 ಡಿಗ್ರಿ ಇದ್ದರೂ ಒಳಗಿನ ನೀರು ತಣ್ಣಗೆ ಹೇಗಿರುತ್ತದೆ? ಒದ್ದೆ ತಟ್ಟು ಸುತ್ತಿದೆ, ನೀರು ನಿಧಾನವಾಗಿ ಆರುತ್ತದೆ, ಆರುತ್ತ ಕಾವನ್ನು ಒಯ್ಯುತ್ತದೆ. ತಟ್ಟು ತೆಗೆದು ಬಿಸಿಲಿಗಿಟ್ಟರೆ ಅದೇ ನೀರು ಕಾಯುತ್ತದೆ. ನಿಮ್ಮ ಮೈಯನ್ನೂ ಹೀಗೇ ನೋಡಿಕೊಳ್ಳಿ. ತುಂಬುತೋಳಿನ ಹತ್ತಿ ಅಂಗಿ, ಬಣ್ಣ ತಿಳಿಯಾದಷ್ಟು ಒಳ್ಳೆಯದು. ಹೊರಡುವ ಮುನ್ನ ಅಂಗಿಯನ್ನು ನೆನೆಸಿ ಹಿಂಡಿ ಹಾಕಿಕೊಳ್ಳಿ. ಮೇಲೆ ಜಾಕೆಟ್ಟು, ಗಾಳಿ ಸ್ವಲ್ಪವೇ ನುಗ್ಗುವ ಹಾಗೆ ಜಿಪ್ಪು ಒಂದಿಷ್ಟು ತೆರೆದು. "ಬಿಸಿಲಾಗ ಜಾಕೆಟ್ಟಾ ಸರ್?" ಅಂತೀರಿ. ಹೌದು, ಬಿಸಿಲಲ್ಲೇ ಜಾಕೆಟ್ಟು. ಒಳಗಿನ ಒದ್ದೆ ನಿಧಾನವಾಗಿ ಆರಲಿ ಅಂತ. ಕುತ್ತಿಗೆಗೆ ಒದ್ದೆ ದಸ್ತಿ, ತಲೆಗೆ ತೆಳು ಹತ್ತಿಬಟ್ಟೆ ಸುತ್ತಿ ಅದರ ಮೇಲೆ ಹೆಲ್ಮೆಟ್ಟು. ಮುಕ್ಕಾಲು ತಾಸಿಗೆ ಬಟ್ಟೆ ಒಣಗುತ್ತದೆ, ನಿಲ್ಲಿಸಿ ಮತ್ತೆ ನೆನೆಸಿ. ಖರ್ಚು ಎರಡು ತಂಬಿಗೆ ನೀರು. ತಲೆ ಕಾಯುತ್ತದೆ ಅಂತ ಹೆಲ್ಮೆಟ್ಟು ತೆಗೆದು ಕೈಗೆ ಸಿಕ್ಕಿಸಿಕೊಳ್ಳುವವರಿಗೂ ಇದೇ ಉತ್ತರ. ಬರಿತಲೆಗೆ ಸೂರ್ಯ ನೇರವಾಗಿ ಬಡಿಯುತ್ತಾನೆ, ಬಿಸಿಗಾಳಿ ತಂಪು ಮಾಡೋದಿಲ್ಲ. ಹೆಲ್ಮೆಟ್ಟು ಕಡ್ಡಾಯ ಅನ್ನುವ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಬಿಸಿಲುಗಾಲಕ್ಕೆ ರಜೆ ಹಾಕಿಲ್ಲ, ಡಾಂಬರೂ ಮೆತ್ತಗಾಗಿಲ್ಲ.

ನನ್ನ ತಂಗಿಯ ಮಗ ಮಂಗಳೂರಿನಲ್ಲಿ ಓದುತ್ತಾನೆ. "ಮಾಮಾ, ನೀನು ಹೇಳಿದ್ಹಂಗ ಮಾಡಿದೆ, ಒದ್ದಿ ಅಂಗಿ ಒದ್ದೀನೇ ಉಳೀತು" ಅಂದ. ನಿಜವೇ. ಕರಾವಳಿಯ ಗಾಳಿಯಲ್ಲೇ ನೀರು ತುಂಬಿರುತ್ತದೆ, ಆರುವುದೇ ಇಲ್ಲ. ಅಲ್ಲಿ 34 ಡಿಗ್ರಿಯೂ ಜೀವ ಹಿಂಡುತ್ತದೆ. ಅಲ್ಲಿಯವರು ಗಾಳಿ ಧಾರಾಳ ಆಡುವ ಜಾಳಿಗೆ ಜಾಕೆಟ್ಟು ಹಾಕಿಕೊಂಡು ಮತ್ತೆಮತ್ತೆ ನೆರಳಿಗೆ ನಿಲ್ಲಬೇಕು. ನಮ್ಮದು ಒಣ ಬಿಸಿಲು, ಒದ್ದೆ ಬಟ್ಟೆ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಮೊದಲ ಮಳೆ ಹನಿದು ಸೆಕೆ ಕವಿದ ದಿನ ಮಾತ್ರ ನಾವೂ ಮಂಗಳೂರಿನವರೇ.

ಇನ್ನು ಕುಡಿಯುವ ವಿಷಯ. ನೀರಡಿಕೆ ಆಗುವತನಕ ಕಾಯಬೇಡಿ. ಇಪ್ಪತ್ತು ನಿಮಿಷಕ್ಕೊಂದು ಲೋಟ. ಎಪ್ಪತ್ತು ಕಿಲೋ ತೂಕದ ಮನುಷ್ಯನ ಮೈಯಿಂದ ಒಂದೂವರೆ ಲೀಟರ್ ನೀರು ಹೋದರೆ ಲಕ್ಷ್ಯ ಸಡಿಲಾಗಲು ಶುರುವಾಗುತ್ತದೆ, ಬ್ರೇಕಿಗೆ ಕಾಲು ತಡವಾಗಿ ಹೋಗುತ್ತದೆ. ಸಂಜೆ ಎಷ್ಟೋ ಅಪಘಾತದ ಸುದ್ದಿಯಲ್ಲಿ "ನಿಯಂತ್ರಣ ತಪ್ಪಿ" ಅಂತ ಓದುತ್ತೇವೆ. ಆ ಸವಾರ ಮಧ್ಯಾಹ್ನದಿಂದ ನೀರು ಕುಡಿದಿದ್ದನೇ ಅಂತ ಯಾರೂ ಕೇಳುವುದಿಲ್ಲ. ಬರೇ ನೀರಲ್ಲ, ಉಪ್ಪೂ ಬೇಕು. ಮಜ್ಜಿಗೆ, ಅಂಬಲಿ, ಅಥವಾ ಒಂದು ಲೀಟರ್ ನೀರಿಗೆ ಟೀ ಚಮಚದಲ್ಲಿ ಅಂಚಿನ ಮಟ್ಟಕ್ಕೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅಂಗಡಿಯಲ್ಲಿ ಒಆರ್‌ಎಸ್ ಕೊಳ್ಳುವಾಗ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಇದೆಯೇ ನೋಡಿ. ಹೆಸರಿನಲ್ಲಿ ಒಆರ್‌ಎಸ್ ಇಟ್ಟುಕೊಂಡು ಸಿಹಿ ಪಾನಕ ಮಾರುತ್ತಿದ್ದುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ತಡೆಯಿತು. ಆ ವಿಷಯದಲ್ಲಿ ವರ್ಷಗಟ್ಟಲೆ ಹೋರಾಡಿದ್ದು ಹೈದರಾಬಾದಿನ ಒಬ್ಬ ಮಕ್ಕಳ ವೈದ್ಯೆ. ಅವರಿಗೆ ಇಲ್ಲಿಂದಲೇ ಕೈಮುಗಿಯುತ್ತೇನೆ. ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಝಳ ಹತ್ತೋದಿಲ್ಲ ಅಂತ ನಮ್ಮವ್ವನೂ ಹೇಳುತ್ತಿದ್ದಳು. ಉಳ್ಳಾಗಡ್ಡಿ ಹೆಚ್ಚಿ ಮಜ್ಜಿಗೆಯಲ್ಲಿ ಹಾಕಿ ಕುಡಿಯಿರಿ, ಜೇಬಿನ ಜಾಗ ಒಆರ್‌ಎಸ್ ಪೊಟ್ಟಣಕ್ಕಿರಲಿ. ಅವ್ವನ ಮಾತೂ ಉಳಿಯಿತು, ಜೀವವೂ ಉಳಿಯಿತು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುವವರು ಬೇಸಿಗೆಗೆ ಮೊದಲು ವೈದ್ಯರನ್ನೊಮ್ಮೆ ಕಾಣಿ.

ಅಧ್ಯಕ್ಷರ ಚೀಟಿ ಬಂತು. ಗಾಡಿಯ ವಿಷಯ ಬೇಗ ಮುಗಿಸುತ್ತೇನೆ.

ಟೈರಿನ ಗಾಳಿ ಬೆಳಿಗ್ಗೆ ಟೈರು ತಣ್ಣಗಿದ್ದಾಗಲೇ ನೋಡಿಸಿ, ಕಂಪನಿ ಹೇಳಿದಷ್ಟೇ ಹಾಕಿಸಿ. ಬಿಸಿಲಿಗೆ ಒಡೆಯುತ್ತದೆ ಅಂತ ಕಡಿಮೆ ಹಾಕಿಸುವುದು ತಪ್ಪು. ಗಾಳಿ ಕಡಿಮೆ ಇದ್ದರೆ ಟೈರು ಹೆಚ್ಚು ಮಡಚಿ ಇನ್ನೂ ಕಾಯುತ್ತದೆ. ಸಿಗ್ನಲ್ಲಿನಲ್ಲಿ ಎಂಜಿನ್ ಆಫ್ ಮಾಡಿ, ಗಾಳಿಯಿಂದ ತಣಿಯುವ ಎಂಜಿನ್ನಿಗೆ ನಿಂತಲ್ಲಿ ಗಾಳಿಯೇ ಸಿಗೋದಿಲ್ಲ. ಕಾದ ರೇಡಿಯೇಟರಿನ ಮುಚ್ಚಳ ತೆರೆಯಬೇಡಿ. ಟ್ಯಾಂಕು ತುಂಬಿಸಿದರೆ ಬಿಸಿಲಿಗೆ ಸಿಡಿಯುತ್ತದೆ ಅಂತ ವಾಟ್ಸ್‌ಆಪಿನಲ್ಲಿ ಪ್ರತಿ ಬೇಸಿಗೆ ಓಡಾಡುವುದು ಸುಳ್ಳು, ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳಲು 240 ಡಿಗ್ರಿಗೂ ಮೇಲೆ ಬೇಕು. ಎಲೆಕ್ಟ್ರಿಕ್ ಗಾಡಿಯವರು ಬಂದ ಕೂಡಲೆ ಚಾರ್ಜಿಗೆ ಹಾಕಬೇಡಿ, ಬ್ಯಾಟರಿ ಸ್ವಲ್ಪ ಆರಲಿ.

ಈಗ ಮೊದಲು ಕೇಳಿದ ಪ್ರಶ್ನೆಗೆ ಬರುತ್ತೇನೆ, ಐದು ನಿಮಿಷ ಕೊಡಿ.

ಕುವೈತಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರತನಕ ಡೆಲಿವರಿ ಬೈಕುಗಳು ರಸ್ತೆಗಿಳಿಯುವಂತಿಲ್ಲ. ಎಮಿರೇಟ್ಸಿನಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರತನಕ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಅಲ್ಲಿ ದುಡಿಯುವ ನಮ್ಮ ಕನ್ನಡಿಗ ಹುಡುಗರಿಗೆ ಆ ನೆರಳು ಇದೆ, ಕಲಬುರಗಿಯಲ್ಲಿ ದುಡಿಯುವ ಅವರ ತಮ್ಮಂದಿರಿಗೆ ಇಲ್ಲ. ಪುದುಚೇರಿಯಲ್ಲಿ 2024ರ ಬೇಸಿಗೆಯಲ್ಲಿ ಸಿಗ್ನಲ್ಲಿನಲ್ಲಿ ನಿಲ್ಲುವ ಬೈಕಿನವರಿಗೆ ಅಂತ ಮೇಲೆ ಹಸಿರು ಬಲೆ ಕಟ್ಟಿದರು. ತೋಟಕ್ಕೆ ಕಟ್ಟುವ ಅದೇ ಬಲೆ. ಇಲ್ಲಿ ಯಾಕೆ ಆಗಬಾರದು? ನಮ್ಮ ರಾಜ್ಯದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ, ಅಂದರೆ ಆ್ಯಪಿನ ಮೂಲಕ ಕೆಲಸ ಪಡೆದು ದುಡಿಯುವವರ, ಸಾಮಾಜಿಕ ಭದ್ರತೆಗೆ ಕಾಯ್ದೆ ಬಂದಿದೆ. ಅದಾದ ಮೇಲೆ ಮಧ್ಯಾಹ್ನದ ಬಿಸಿಲಿನ ಬಗ್ಗೆ ಮಾತೆತ್ತದಿದ್ದರೆ ಹೇಗೆ?

ನಾನು ಕೇಳುವುದು ಕೆಲಸ ನಿಲ್ಲಿಸಿ ಅಂತಲ್ಲ. ಕೂಲಿ ನಿಂತರೆ ಮನೆಯ ಒಲೆ ನಿಲ್ಲುತ್ತದೆ, ಅದು ನನಗೆ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ 12ರಿಂದ 4ರತನಕ ತಡವಾದರೆ ದಂಡ ಇರಬಾರದು, ರೇಟಿಂಗ್ ಕಡಿಮೆ ಮಾಡಬಾರದು, "ಎಲ್ಲಿದ್ದೀ" ಅಂತ ಫೋನು ಬರಬಾರದು. ಅವಸರದಲ್ಲಿ ಇರುವ ಹುಡುಗ ನೀರಿಗೆ ನಿಲ್ಲೋದಿಲ್ಲ, ಬಟ್ಟೆ ನೆನೆಸೋದಿಲ್ಲ. ವೇಗ ಹೆಚ್ಚಿಸುತ್ತಾನೆ. ಬಿಸಿಗಾಳಿ ತಂಪು ಮಾಡೋದಿಲ್ಲ ಅಂತ ಎಷ್ಟು ಸಲ ಹೇಳಿದರೂ, ಗಡಿಯಾರ ಬೆನ್ನು ಹತ್ತಿದವನಿಗೆ ಅದು ಕೇಳೋದಿಲ್ಲ. ಊಟ ತರಿಸುವ ನಾವೂ ಬಾಗಿಲಿಗೆ ಬಂದವನ ಕೈಗೆ ಒಂದು ಚೊಂಬು ನೀರು ಕೊಟ್ಟು, ಎರಡು ನಿಮಿಷ ನೆರಳಲ್ಲಿ ನಿಲ್ಲಪ್ಪಾ ಅನ್ನಬಹುದು. ಅರವಟಿಗೆ ಇಟ್ಟ ಊರಿದು.

ಇನ್ನೊಂದು ಚೀಟಿ ಬಂತು, ಮುಗಿಸಿದೆ. ಜಿಲ್ಲಾಧಿಕಾರಿಗಳಿಗೆ ಕೊಡುವ ಮನವಿ ಹೊರಗಿನ ಮೇಜಿನ ಮೇಲಿದೆ, ಮೂರು ಬೇಡಿಕೆ: ಮಧ್ಯಾಹ್ನದ ವೇಳೆಯ ವಿನಾಯಿತಿ, ಸಿಗ್ನಲ್ಲುಗಳಿಗೆ ನೆರಳಿನ ಬಲೆ, ಜೇವರ್ಗಿ, ಸೇಡಂ, ಹುಮನಾಬಾದ್ ರಸ್ತೆಗಳಲ್ಲಿ ಅರವಟಿಗೆ. ಓದಿ ನೋಡಿ, ಒಪ್ಪಿಗೆಯಾದರೆ ಸಹಿ ಮಾಡಿ, ಪಕ್ಕದಲ್ಲಿ ನಿಮ್ಮ ರೂಟು ಬರೆಯಿರಿ. ಯಾವ ರಸ್ತೆಯಲ್ಲಿ ಎಷ್ಟು ಜನ ಇದ್ದೀರಿ ಅಂತ ತಿಳಿದರೆ ಮೊದಲ ಅರವಟಿಗೆ ಎಲ್ಲಿಡಬೇಕು ಅನ್ನುವುದನ್ನು ಇವತ್ತು ಸಂಜೆಯೇ ನಿರ್ಧರಿಸಬಹುದು.