ಹ್ಯೂಸ್‌ನ ಜೇಬಿನ ಫೋಟೋ

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದೇ ಕಥೆಯನ್ನು ಒಂದೇ ಸ್ಟುಡಿಯೋ ಎರಡೆರಡು ಸಲ ಅನಿಮೆ, ಅಂದರೆ ಜಪಾನಿ ಅನಿಮೇಷನ್ ಸರಣಿ, ಮಾಡುವುದು ಅಪರೂಪ. ಜಪಾನಿನ ಬೋನ್ಸ್ ಸ್ಟುಡಿಯೋ ಹಾಗೆ ಮಾಡಿದೆ. ಕಥೆಯ ಹೆಸರು ‘ಫುಲ್‌ಮೆಟಲ್ ಆಲ್ಕೆಮಿಸ್ಟ್’. ಹಿರೋಮು ಅರಾಕಾವಾ ಎಂಬ ಕಲಾವಿದೆ 2001ರಲ್ಲಿ ಮಾಸಪತ್ರಿಕೆಯೊಂದರಲ್ಲಿ ಇದನ್ನು ಕಾಮಿಕ್ಸ್ ರೂಪದಲ್ಲಿ ಶುರು ಮಾಡಿದರು. ಜಪಾನಿನಲ್ಲಿ ಇದಕ್ಕೆ ಮಾಂಗಾ ಅನ್ನುತ್ತಾರೆ. ಮೊದಲ ಅನಿಮೆ 2003ರಲ್ಲಿ ಬಂತು, 51 ಕಂತು. ನಿರ್ದೇಶಕ ಸೇಜಿ ಮಿಝುಶಿಮಾ. ಎರಡನೆಯದು 2009ರಲ್ಲಿ, ‘ಬ್ರದರ್‌ಹುಡ್’ ಅನ್ನುವ ಹೆಸರು ಇಂಗ್ಲಿಷ್‌ನಲ್ಲಿ ಸೇರಿಸಿಕೊಂಡು ಬಂತು, 64 ಕಂತು. ನಿರ್ದೇಶಕ ಯಾಸುಹಿರೋ ಇರಿಯೆ. ತೆರೆಯ ಮೇಲಿನ ಒಂದು ಪಾತ್ರ ನಮ್ಮ ಮನೆಯವರ ಹಾಗೆ ಆಗುವುದು ಹೇಗೆ ಅಂತ ತಿಳಿಯಬೇಕಾದರೆ ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಇನ್ನೂ ನೋಡಿಲ್ಲದವರು ಬೈಯಬೇಡಿ, ಕಥೆಯ ಗುಟ್ಟು ಒಂದೆರಡು ಬಿಟ್ಟುಕೊಡದೆ ನನಗೆ ಬೇರೆ ದಾರಿ ಇಲ್ಲ.

ಕಥೆ ಇಷ್ಟು. ಎಡ್ವರ್ಡ್, ಆಲ್ಫೋನ್ಸ್ ಅಂತ ಇಬ್ಬರು ಅಣ್ಣತಮ್ಮಂದಿರು. ತೀರಿಹೋದ ತಾಯಿಯನ್ನು ರಸವಿದ್ಯೆಯಿಂದ ಮತ್ತೆ ಬದುಕಿಸಲು ಹೋಗುತ್ತಾರೆ. ಅದು ಕೆಡುತ್ತದೆ. ಅಣ್ಣನಿಗೆ ಒಂದು ಕೈ, ಒಂದು ಕಾಲು ಹೋಗುತ್ತದೆ. ತಮ್ಮನಿಗೆ ಇಡೀ ಮೈಯೇ ಹೋಗುತ್ತದೆ, ಅವನ ಜೀವ ಒಂದು ಟೊಳ್ಳು ಉಕ್ಕಿನ ಕವಚಕ್ಕೆ ಅಂಟಿಕೊಳ್ಳುತ್ತದೆ. ಕಳಕೊಂಡದ್ದನ್ನು ಮರಳಿ ಪಡೆಯಲು ಇಬ್ಬರೂ ಊರೂರು ತಿರುಗುತ್ತಾರೆ.

ದಾರಿಯಲ್ಲಿ ಸಿಗುವವನೇ ಮೇಸ್ ಹ್ಯೂಸ್, ಸೇನೆಯ ಅಧಿಕಾರಿ. ಕಥೆಯ ಲೆಕ್ಕದಲ್ಲಿ ಅವನಿಗೆ ಇರುವ ಕೆಲಸ ಸಣ್ಣದು: ಸೇನೆಯೊಳಗಿನ ಒಂದು ಸಂಚನ್ನು ಕಂಡುಹಿಡಿಯಬೇಕು, ಆಮೇಲೆ ಸಾಯಬೇಕು. ಆದರೆ ಅವನು ಬಂದಾಗಲೆಲ್ಲ ಏನು ಮಾಡುತ್ತಾನೆ ಹೇಳಿ? ಹೆಂಡತಿ ಗ್ರೇಸಿಯಾ, ಮಗಳು ಎಲಿಸಿಯಾ, ಇವರ ಫೋಟೋ ತೆಗೆದು ಎದುರಿಗಿದ್ದವರ ಮೂಗಿಗೆ ಹಿಡಿಯುತ್ತಾನೆ. ಕೆಲಸದ ಮಾತಿಗೆ ಫೋನ್ ಮಾಡಿದರೂ ಮಗಳ ಸುದ್ದಿಯೇ. ಗೆಳೆಯ ಮಸ್ಟಾಂಗ್ ರೇಗಿ ಫೋನ್ ಕುಕ್ಕುತ್ತಾನೆ. ನಮಗೆ ನಗು. ಎರಡನೇ ಸಲ ಇನ್ನೂ ನಗು. ಆಮೇಲೆ ‘ಅಯ್ಯೋ, ಮತ್ತೆ ಶುರು ಮಾಡಿದ’ ಅನ್ನಿಸುತ್ತದೆ. ಗೊತ್ತಿದ್ದವರ ಬಗ್ಗೆ ತಾನೇ ನಾವು ಹಾಗನ್ನುವುದು? ನಮಗೆ ಗೊತ್ತಾಗದ ಹಾಗೆ ಅವನು ನಮ್ಮವನಾಗಿರುತ್ತಾನೆ.

ಕೊಲೆಗಾರ ರೂಪ ಬದಲಿಸಬಲ್ಲವನು. ಹ್ಯೂಸ್ ಚಾಕು ಎತ್ತುವ ಗಳಿಗೆಯಲ್ಲಿ ಅವನು ಗ್ರೇಸಿಯಾಳ ರೂಪ ತಾಳುತ್ತಾನೆ. ಹ್ಯೂಸ್‌ನ ಕೈ ನಿಂತುಬಿಡುತ್ತದೆ. ಅಷ್ಟು ದಿನ ಎಲ್ಲರಿಗೂ ತೋರಿಸಿ ನಗೆಪಾಟಲಾದ ಅದೇ ಮುಖ ಅವನ ಜೀವ ತೆಗೆಯುತ್ತದೆ. ಬರೀ ತಮಾಷೆ ಅಂದುಕೊಂಡಿದ್ದ ಆ ಫೋಟೋಗಳನ್ನು ಅರಾಕಾವಾ ಮೊದಲಿನಿಂದಲೂ ಸುಮ್ನೆ ತೋರಿಸಿರಲಿಲ್ಲ.

ಇದು ಎರಡೂ ಅನಿಮೆಯಲ್ಲಿದೆ. ಆದರೆ 2003ರದ್ದರಲ್ಲಿ ಹ್ಯೂಸ್ ಸಾಯುವುದು 25ನೇ ಕಂತಿನಲ್ಲಿ. 2009ರದ್ದರಲ್ಲಿ 10ನೇ ಕಂತಿಗೇ. ವಾರಕ್ಕೊಂದು ಕಂತು ಅಂತ ಲೆಕ್ಕ ಹಾಕಿ. ಮೊದಲನೆಯದನ್ನು ಟಿವಿಯಲ್ಲಿ ನೋಡಿದ ಜಪಾನಿನ ಹುಡುಗನಿಗೆ ಆರು ತಿಂಗಳ ಕಥೆ, ಎರಡನೆಯದನ್ನು ನೋಡಿದವನಿಗೆ ಎರಡೂವರೆ ತಿಂಗಳು. ಮೊದಲನೆಯದರಲ್ಲಿ ಎಲಿಸಿಯಾ ಹುಟ್ಟುವುದೇ ನಮ್ಮ ಕಣ್ಣೆದುರಿಗೆ. ಎಡ್ವರ್ಡ್‌ನ ಹುಟ್ಟುಹಬ್ಬಕ್ಕೆ ಹ್ಯೂಸ್‌ನ ಮನೆಯಲ್ಲಿ ಸೇರಿದಾಗ ಗ್ರೇಸಿಯಾಗೆ ಹೆರಿಗೆ ನೋವು ಶುರುವಾಗುತ್ತದೆ. ತಾಯಿಯನ್ನು ಕಳಕೊಂಡ ಇಬ್ಬರು ಹುಡುಗರು, ಪಕ್ಕದ ಕೋಣೆಯಲ್ಲಿ ಒಬ್ಬಳು ತಾಯಿಯಾಗುತ್ತಿದ್ದಾಳೆ. ಮುಂದೆ ಅದೇ ಕೂಸು ಅಪ್ಪನ ಸಮಾಧಿಯ ಹತ್ತಿರ ನಿಂತಾಗ ನಮಗೆ ಆಗುವ ಸಂಕಟವೇ ಬೇರೆ.

ನೀನಾಳ ವಿಷಯದಲ್ಲೂ ಇದೇ ಕಥೆ. ಆ ಪುಟ್ಟ ಹುಡುಗಿಯನ್ನೂ ಅವಳ ನಾಯಿಯನ್ನೂ ಸ್ವಂತ ಅಪ್ಪನೇ ಪ್ರಯೋಗಕ್ಕೆ ಬಳಸಿ ಒಂದು ವಿಚಿತ್ರ ಪ್ರಾಣಿ ಮಾಡಿಬಿಡುತ್ತಾನೆ. 2009ರಲ್ಲಿ ಅವಳ ಪರಿಚಯ, ಆಟ, ಅನಾಹುತ, ಎಲ್ಲ ಒಂದೇ ಕಂತಿನೊಳಗೆ. 2003ರಲ್ಲಿ ಅಣ್ಣತಮ್ಮಂದಿರು ರಸವಿದ್ಯೆಯ ಪರೀಕ್ಷೆಗೆ ಓದಿಕೊಳ್ಳಲು ಅವಳ ಮನೆಯಲ್ಲೇ ಬಂದು ಉಳಿಯುತ್ತಾರೆ. ಅವಳ ಜೊತೆ ಆಡುತ್ತಾರೆ, ಉಣ್ಣುತ್ತಾರೆ. ಹಾಗಾಗಿ ಆ ಪ್ರಾಣಿ ತೊದಲುತ್ತಾ ‘ಅಣ್ಣ’ ಅಂದಾಗ, ಎಡ್ವರ್ಡ್‌ಗೆ ಅರ್ಥವಾಗುವ ಹೊತ್ತಿಗೆ ನಮಗೂ ಅರ್ಥವಾಗಿರುತ್ತದೆ. ಯಾರೂ ಬಿಡಿಸಿ ಹೇಳಬೇಕಿಲ್ಲ.

2009ರವರಿಗೆ ಕಲೆ ಗೊತ್ತಿರಲಿಲ್ಲ ಅಂತಲ್ಲ. ಅವರಿಗೆ ಮಾಂಗಾದ 27 ಸಂಪುಟಗಳನ್ನು 64 ಕಂತುಗಳಲ್ಲಿ ತುಂಬಬೇಕಿತ್ತು. ಮೊದಲಿನ ಭಾಗವನ್ನು ಜನ ಆಗಲೇ ನೋಡಿಬಿಟ್ಟಿದ್ದರು. 2003ರ ತಂಡಕ್ಕೆ ಉಲ್ಟಾ ತೊಂದರೆ. ಮಾಂಗಾ ಇನ್ನೂ ಅರ್ಧವೂ ಆಗಿರಲಿಲ್ಲ. ಮುಗಿದದ್ದು 2010ರಲ್ಲಿ. ಕೊನೆಯನ್ನು ನಿಮ್ಮದೇ ರೀತಿ ಮಾಡಿಕೊಳ್ಳಿ ಅಂತ ಅರಾಕಾವಾ ಅವರೇ ಹೇಳಿದ್ದರು. ಕೈಯಲ್ಲಿ ಕಥೆ ಕಡಿಮೆ, ಸಮಯ ಜಾಸ್ತಿ. ಆ ಸಮಯವನ್ನು ಅವರು ಊಟ, ಹರಟೆ, ಹುಟ್ಟುಹಬ್ಬ, ಇಂಥದಕ್ಕೆ ಖರ್ಚು ಮಾಡಿದರು. ಕಥೆ ಎಳೆದರು ಅಂತ ಕೆಲವರು ಗೊಣಗುತ್ತಾರೆ. ನನಗಂತೂ ಆ ಎಳೆದಾಟವೇ ಇಷ್ಟ.

ಇನ್ನು ಆಲ್ಫೋನ್ಸ್. ಇವನ ಮೇಲೆ ಪ್ರೀತಿ ಬರುವುದು ನಿಜಕ್ಕೂ ಸೋಜಿಗ, ಯಾಕೆಂದರೆ ಇವನಿಗೆ ಮುಖವೇ ಇಲ್ಲ. ಹುಬ್ಬು ಏರಿಸುವ ಹಾಗಿಲ್ಲ, ಕಣ್ಣೀರು ಬರುವ ಹಾಗಿಲ್ಲ. ಇರುವುದು ಶಿರಸ್ತ್ರಾಣದೊಳಗೆ ಮಿನುಗುವ ಎರಡು ಚುಕ್ಕೆ. ತಲೆ ಸ್ವಲ್ಪ ಬಗ್ಗಿತಾ, ಹೆಗಲು ಕುಸಿಯಿತಾ, ಅಷ್ಟರಲ್ಲೇ ಎಲ್ಲ ತಿಳಿಯಬೇಕು. ಮಿಕ್ಕದ್ದನ್ನು ದನಿ ಹೊರುತ್ತದೆ. ರಿಯೆ ಕುಗಿಮಿಯಾ ಎಂಬ ಕಲಾವಿದೆ ಎರಡೂ ಅನಿಮೆಗಳಲ್ಲಿ ಆಲ್ಫೋನ್ಸ್‌ಗೆ ದನಿ ಕೊಟ್ಟಿದ್ದಾರೆ, ಎಡ್ವರ್ಡ್‌ಗೆ ರೋಮಿ ಪಾಕು. ಆಳೆತ್ತರ ಮೀರಿದ ಉಕ್ಕಿನ ದೇಹ, ಒಳಗಿಂದ ಬರುವುದು ಮೃದುವಾದ ಮಗುವಿನ ದನಿ. ಬೀದಿಯಲ್ಲಿ ಸಿಕ್ಕ ಬೆಕ್ಕಿನ ಮರಿಯನ್ನು ಅಣ್ಣನಿಗೆ ಗೊತ್ತಾಗದಂತೆ ಕವಚದೊಳಗೆ ಬಚ್ಚಿಟ್ಟುಕೊಳ್ಳುತ್ತಾನೆ. ಒಳಗಿಂದ ‘ಮಿಯಾವ್’ ಅಂತ ಕೇಳಿಸಿ ಸಿಕ್ಕಿಬೀಳುತ್ತಾನೆ. ಜಪಾನಿ ಭಾಷೆ ಬಾರದ ನಾವು ಸಬ್‌ಟೈಟಲ್ ಓದುತ್ತಾ ನೋಡುವವರು. ಆದರೂ ಆ ದನಿ ನಡುಗಿದಾಗ ಓದುವುದನ್ನೇ ಮರೆಯುತ್ತೇವೆ, ಅಲ್ವಾ?

ಹ್ಯೂಸ್‌ನ ಅಂತ್ಯಕ್ರಿಯೆಗೆ ಮತ್ತೆ ಬರುತ್ತೇನೆ. ಅಪ್ಪನನ್ನು ಯಾಕೆ ಮಣ್ಣಿನೊಳಗೆ ಇಡುತ್ತಿದ್ದೀರಿ, ಅವನಿಗೆ ಕೆಲಸ ಇದೆಯಲ್ಲ ಅಂತ ಎಲಿಸಿಯಾ ಕೂಗುತ್ತಾಳೆ. ಮಸ್ಟಾಂಗ್ ಆಮೇಲೆ ಮಳೆ ಬರುತ್ತಿದೆ ಅನ್ನುತ್ತಾನೆ. ಮಳೆಯೇ ಬರುತ್ತಿರುವುದಿಲ್ಲ. ಇದೆಲ್ಲ ಜನ ಮಾತಾಡಿ ಮಾತಾಡಿ ಪ್ರಸಿದ್ಧವಾದದ್ದು. ನನ್ನನ್ನು ಕೇಳಿದರೆ, ಅದಕ್ಕಿಂತ ಗಟ್ಟಿ ಹೊಡೆತ ಇನ್ನೊಂದು ಕಡೆ ಇದೆ. ಅಣ್ಣತಮ್ಮಂದಿರಿಗೆ ಈ ಸಾವು ಗೊತ್ತೇ ಇಲ್ಲ. ಅವರು ರೈಲಿನಲ್ಲಿ ಹೊರಟುಹೋಗಿದ್ದಾರೆ. ‘ಬ್ರದರ್‌ಹುಡ್’ನಲ್ಲಿ ಎಡ್ವರ್ಡ್ ವಾಪಸ್ ಬಂದು ಹ್ಯೂಸ್ ಎಲ್ಲಿ ಅಂತ ಕೇಳಿದರೆ, ಅವನು ಹೆಂಡತಿ ಮಗಳ ಜೊತೆ ಹಳ್ಳಿಗೆ ಹೋದ ಅಂತ ಮಸ್ಟಾಂಗ್ ಸುಳ್ಳು ಹೇಳುತ್ತಾನೆ. ಎಡ್ವರ್ಡ್ ನಂಬುತ್ತಾನೆ. ಇಲ್ಲಿ ನಾವು ಅಳುವುದು ಸತ್ತವನಿಗಾಗಿ ಅಷ್ಟೇ ಅಲ್ಲ, ನಾಳೆ ಅಳಬೇಕಾದವನಿಗಾಗಿ ಕೂಡ. ಇಲ್ಲಿ ಮಾತ್ರ 2009ರದ್ದಕ್ಕೇ ನನ್ನ ಓಟು.

ಯಾವುದನ್ನು ಮೊದಲು ನೋಡಲಿ ಅಂತ ಹೊಸಬರು ಕೇಳುತ್ತಾರೆ. ಮೊದಲು 2003ರದ್ದು ನೋಡಿ. ಅದೂ ದಿನಕ್ಕೆ ಒಂದೇ ಕಂತು, ರಾತ್ರಿಯಿಡೀ ಕೂತು ಮುಗಿಸಬೇಡಿ. ಹ್ಯೂಸ್ ಫೋಟೋ ತೋರಿಸಲು ಬಂದಾಗ ಮುಂದಕ್ಕೆ ಓಡಿಸಲೂ ಬೇಡಿ.

ನಮಸ್ಕಾರ.